ಸುರಂಗದ ನೀರಿನ ಹಕ್ಕು

ಅಕ್ಕ ಸೈಕಲ್ಲಿನ ಹಿಂದಿನ ಚಕ್ರ ಕಿತ್ತು, ಟೈರು ಬಿಚ್ಚಿ, ರಿಮ್ಮನ್ನು ಮರದ ತೊಟ್ಟಿಗೆ ಎಸೆದಳು. ಹಸಿರು ನೀರು ಅವಳ ರಬ್ಬರ್ ಬೂಟಿನ ಮೇಲೆ ಚಿಮ್ಮಿತು.

"ಅದು ನನ್ನ ಸೈಕಲ್ಲು," ಎಂದ ತಮ್ಮ.

"ಆಗಿತ್ತು. ಕಂಬದ ಹಾಗೆ ನಿಲ್ಲಬೇಡ, ಆ ಹ್ಯಾಂಡಲ್ ಇತ್ತ ಕೊಡು."

ಕೊಟ್ಟ. ಅವನು ಬಂದದ್ದು ಸೈಕಲ್ಲಿಗಾಗಿ ಅಲ್ಲ. ನಾಳೆ ಬೆಳಿಗ್ಗೆ, ಈ ತೊಟ್ಟಿಗೆ ನೀರು ಹರಿದುಬರುವ ಹಳೆಯ ಗಣಿಯ ಸುರಂಗದ ಬಾಯಿಗೆ ಕಾಂಕ್ರೀಟ್ ತುಂಬಬೇಕಿತ್ತು. ಗುತ್ತಿಗೆದಾರರ ಕಡೆಯ ಮೇಸ್ತ್ರಿ ಅವನೇ. ಅದಕ್ಕೆ ಅಕ್ಕ ಹೂಂ ಅನ್ನಬೇಕು. ಅಂದೇ ಅನ್ನುತ್ತಾಳೆ, ನನ್ನ ಮಾತು ಮೀರುವವಳಲ್ಲ ಎಂದು ಆಫೀಸಿನಲ್ಲಿ ಎದೆ ತಟ್ಟಿಕೊಂಡು ಬಂದಿದ್ದ. ಅಕ್ಕನನ್ನು ಒಂದು ಸಲ ಕಂಡವರೂ ಅಂಥ ಮಾತು ಆಡುತ್ತಿರಲಿಲ್ಲ.

ಗುಡ್ಡದ ಹೊಟ್ಟೆಯಲ್ಲಿದ್ದದ್ದು ತಾಮ್ರ. ಮನುಷ್ಯರ ಸುಳಿವೇ ಇಲ್ಲದ ಕಾಲದಲ್ಲಿ ನೆಲದಾಳದ ಬಿಸಿನೀರು ಬಂಡೆಯ ಬಿರುಕುಗಳಲ್ಲಿ ಏರಿ, ತಣಿದು, ತಾಮ್ರವನ್ನೂ ಗಂಧಕವನ್ನೂ ಮೆತ್ತಿಟ್ಟು ಹೋಗಿತ್ತು. ಮೊದಲು ಬಂದವರು ಬಂಡೆಯ ಮೇಲಿನ ಹಸಿರು ಕಲೆಯ ಜಾಡು ಹಿಡಿದು ಉಳಿಯಲ್ಲಿ ಕೆತ್ತಿದರು. ಆಮೇಲೆ ಕಂಪನಿ ಬಂತು. ಬಾವಿಯಂತೆ ನೇರವಾಗಿ ತೋಡಿ, ಅಂತಸ್ತಿನ ಕೆಳಗೆ ಅಂತಸ್ತು ಕೊರೆಯಿತು. ಇಳಿದಷ್ಟೂ ಅದಿರು ಕಮ್ಮಿಯಾಯಿತು, ನೀರು ಜಾಸ್ತಿಯಾಯಿತು. ಕೊನೆಗೆ ಛಾವಣಿ ಹೊತ್ತಿದ್ದ ಅದಿರಿನ ಕಂಬಗಳನ್ನೂ ಕೆರೆದು ತೆಗೆದು, ಕಂಪನಿ ಗಂಟುಮೂಟೆ ಕಟ್ಟಿತು.

ಆ ಗಣಿಯಲ್ಲಿ ಒಂದು ಕಟ್ಟುಪಾಡಿತ್ತು: ಒಳಗಿನ ನೀರೆತ್ತುವ ಕೊನೆಯ ಪಂಪನ್ನು ಯಾರು ನಿಲ್ಲಿಸುತ್ತಾರೋ ಅವರಿಗೆ, ಅವರ ನಂತರ ಮನೆಯ ಹಿರಿಯ ಮಗುವಿಗೆ, ಹೊರಗೆ ಹರಿದುಬರುವ ನೀರಿನ ಹಕ್ಕು. ನಿಲ್ಲಿಸಿದವನು ಇವರ ಅಪ್ಪ. ಕಂಪನಿಯವರು ನಗುತ್ತಲೇ ಒಪ್ಪಿದರು. ಸತ್ತ ಗಣಿಯ ನೀರು ಯಾರಿಗೆ ಬೇಕು?

ನೀರು ಮೆಲ್ಲಗೆ ಅಂತಸ್ತುಗಳನ್ನು ಏರಿ, ಕೆಲವು ವರ್ಷಗಳ ಮೇಲೆ ಗುಡ್ಡದ ಬುಡದ ಈ ಸುರಂಗದಿಂದ ಹೊರಬಿತ್ತು. ಗಂಧಕದ ಕಲ್ಲಿಗೆ ಗಾಳಿ ತಾಗಿ ಹುಳಿಯಾದ ನೀರು. ಉಳಿದ ತಾಮ್ರವನ್ನೂ ಕರಗಿಸಿಕೊಂಡು ತಂದಿತ್ತು. ಅದರಲ್ಲಿ ಕಬ್ಬಿಣ ಹಾಕಿದರೆ ಕಬ್ಬಿಣ ಕರಗಿ, ಅದರ ಜಾಗದಲ್ಲಿ ತಾಮ್ರ ಕೆಂಪು ಕೆಸರಾಗಿ ಕೂರುತ್ತದೆ. ಅದನ್ನು ಕೆರೆದು, ಒಣಗಿಸಿ, ಮಾರಿಯೇ ಮೊದಲು ಅಪ್ಪ, ಆಮೇಲೆ ಅಕ್ಕ ಮನೆ ನಡೆಸಿದರು. ಊರಿನ ಮುರಿದ ಬೀಗ, ತೂತಾದ ಬಾಣಲೆ, ಬಾಗಿಲಿನ ಚಿಲಕ ಎಲ್ಲ ಇಲ್ಲಿಗೇ ಬರುತ್ತಿದ್ದವು. ಒಮ್ಮೆ ತಮ್ಮನ ಹೆಂಡತಿ ತಾಮ್ರವಾಗಲಿ ಎಂದು ಸ್ಟೀಲ್ ಪಾತ್ರೆ ಮುಳುಗಿಸಿ ಹೋಗಿದ್ದಳು.

"ನಿನ್ನ ಹೆಂಡತಿ ಪಾತ್ರೆ ಇನ್ನೂ ಫಳಫಳ ಅಂತಿದೆ," ಎಂದಳು ಅಕ್ಕ. "ನೀರು ತೊಳೆದುಕೊಡ್ತಿದೆ ಅಷ್ಟೆ."

"ಅಕ್ಕ, ಮಾತಾಡಬೇಕಿತ್ತು."

"ಆಡು. ಕೈಗೆ ಕೆಲಸ ಇದೆ, ಕಿವಿ ಖಾಲಿ ಇದೆ."

"ಕೆಳಗಿನ ಹೊಳೆ ನೋಡಿದ್ದೀಯಲ್ಲ? ಕಲ್ಲೆಲ್ಲ ತುಕ್ಕಿನ ಬಣ್ಣ. ಹುಡುಕಿದರೂ ಒಂದು ಮೀನಿಲ್ಲ."

"ಕಂಪನಿ ಇದ್ದಾಗಲೂ ಇರಲಿಲ್ಲ."

"ಇದನ್ನ ಮುಚ್ಚಿದರೆ ಬರಬಹುದು. ಒಳಗೆ ನೀರು ಪೂರ್ತಿ ತುಂಬಿದರೆ ಕಲ್ಲಿಗೆ ಗಾಳಿ ಸಿಗಲ್ಲ, ಹುಳಿ ಆಗೋದು ನಿಲ್ಲುತ್ತೆ."

ಅಕ್ಕ ಜಗಳಕ್ಕೆ ನಿಲ್ಲಲಿಲ್ಲ. "ನಿಜ ಇರಬಹುದು," ಎಂದು ಸಲಿಕೆಯಿಂದ ಕೆಸರು ಕೆರೆಯತೊಡಗಿದಳು. ಜಗಳ ಆಡಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

"ಕೈ ಹೇಗೆ ಸೀಳಿದೆ ನೋಡ್ಕೋ."

"ಈ ಕೈ ನೋಡಿ ಇನ್ಯಾರಾದರೂ ನನ್ನ ಮದುವೆ ಆಗಬೇಕಾ?"

ಅವನಿಗೆ ನಗು ಬಂತು. ನಗುವಿನ ಬೆನ್ನಲ್ಲೇ, ಧೈರ್ಯ ಆರುವ ಮೊದಲು, ವಿಷಯ ಬಿಚ್ಚಿದ. ಹಳೆಯ ಪಂಪಿನ ಮನೆಯನ್ನು ಮ್ಯೂಸಿಯಂ ಮಾಡುತ್ತಾರೆ. ಅಕ್ಕನಿಗೆ ಅಲ್ಲಿ ಕುರ್ಚಿ, ಫ್ಯಾನು, ತಿಂಗಳ ಸಂಬಳ. ಗಾಜಿನ ತೊಟ್ಟಿಯಲ್ಲಿ ಒಂದು ಮೊಳೆ ಅದ್ದಿ, ಬಂದವರಿಗೆ ತೋರಿಸಿದರೆ ಮುಗಿಯಿತು.

"ನೀರು ಎಲ್ಲಿಂದ?"

"ಮೊದಲೇ ಡ್ರಮ್ಮಿನಲ್ಲಿ ತುಂಬಿಟ್ಟಿರ್ತಾರೆ."

"ಬಂದ ತಾಮ್ರ?"

"ಅದು... ಒರೆಸಿ ಹಾಕೋದು. ಚೂರುಪಾರು ತಾನೆ?"

ಅಕ್ಕ ಸಲಿಕೆ ನಿಲ್ಲಿಸಿದಳು. "ದಿನಾ ತಾಮ್ರ ತೆಗೆದು ಒರೆಸಿ ಹಾಕಬೇಕು."

"ತೋರಿಸೋಕೆ ಅಕ್ಕ. ಜನಕ್ಕೆ ಇತಿಹಾಸ ಗೊತ್ತಾಗಬೇಕಲ್ಲ."

"ಇಲ್ಲಿಗೇ ಬಂದು ನೋಡಲಿ. ಯಾರು ಬೇಡ ಅಂದರು?"

"ನಾನು ಆಫೀಸಿನಲ್ಲಿ ಮಾತು ಕೊಟ್ಟುಬಿಟ್ಟಿದ್ದೀನಿ."

"ನಿನ್ನದಲ್ಲದ ನೀರಿಗೆ?"

"ನೀನು ಇಲ್ಲ ಅಂದರೆ ನನ್ನ ಮೇಸ್ತ್ರಿಗಿರಿ ಹೋಗುತ್ತೆ."

ಅವನು ಚೀಲದಿಂದ ಇಸ್ತ್ರಿ ಮಾಡಿದ ನೀಲಿ ಕೋಟು ತೆಗೆದು ಚಾಚಿದ. ಜೇಬಿನ ಮೇಲೆ ಮ್ಯೂಸಿಯಂ ಗುರುತು ಹೊಲಿದಿತ್ತು. ಅಕ್ಕ ಕೈಯನ್ನು ಸೀರೆಗೆ ಒರೆಸಿಕೊಂಡು, ಕೋಟಿನ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು.

"ಬಟ್ಟೆ ಚೆನ್ನಾಗಿದೆ," ಎಂದಳು. ಮಡಿಕೆ ಕೆಡದಂತೆ ಅವನ ತೋಳಿನ ಮೇಲೇ ವಾಪಸು ಇಟ್ಟಳು.

"ಇವತ್ತು ಬೇಡ ಅಕ್ಕ, ನಾಳೆವರೆಗೆ ಯೋಚನೆ ಮಾಡು. ನಾನು ಆಫೀಸಿಗೆ ಏನಾದರೂ ಹೇಳ್ತೀನಿ."

"ಇದನ್ನೇ ಹೇಳು. ನಾನು ಒಪ್ಪಲ್ಲ."