ಯಜಮಾನ್ರ ಪೆಟ್ಟಿಗೆಗೆ ಯಾವ ಹಾಸು?

ಮನೆಗೆ ಒಂದು ಪ್ರಾಣಿ ತಂದು ನೋಡಿ, ಮಾರನೆಯ ದಿನವೇ ಬೀದಿಯವರೆಲ್ಲ ಡಾಕ್ಟರಾಗಿಬಿಡುತ್ತಾರೆ. ಹಾಲು ಹಾಕುವವನು ಒಂದು ಹೇಳುತ್ತಾನೆ, ಎದುರುಮನೆಯಾಕೆ ಇನ್ನೊಂದು ಹೇಳುತ್ತಾಳೆ, ಕೈಯಲ್ಲಿರುವ ಫೋನು ಒಂದೇ ಉಸಿರಿಗೆ ಹತ್ತು ಹೇಳುತ್ತದೆ. ಯಾರ ಮಾತು ಕೇಳಬೇಕು, ಯಾರದು ಬಿಡಬೇಕು? ಇದು ಗೊತ್ತಾಗದೆ ನಮ್ಮ ಬೀದಿಯ ಬಡಗಿಯ ಮನೆಯಲ್ಲಿ ಒಂದು ಜೀವ ಕೈತಪ್ಪುವುದರಲ್ಲಿತ್ತು. ಅತ್ತಿಗೆ ನಾದಿನಿಯರ ಮಾತೂ ನಿಂತುಹೋಗಿತ್ತು.

ಬಡಗಿಯ ಹೆಂಡತಿ ಟೈಲರು. ಮನೆಯ ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಯಂತ್ರ. ಅವಳ ಹತ್ತಿರ ಬಟ್ಟೆ ಹೊಲಿಸುತ್ತಿದ್ದ ಟೀಚರೊಬ್ಬರು ಬೇರೆ ಊರಿಗೆ ಹೋಗುವಾಗ ತಾವು ಅನುಮತಿ ಪಡೆದು ಸಾಕಿದ್ದ ಆಮೆಯನ್ನು ಅವಳ ಹೆಸರಿಗೆ ಮಾಡಿಸಿ ಕೊಟ್ಟುಹೋದರು. ಪ್ಲಾಸ್ಟಿಕ್ ತೊಟ್ಟಿ, ಅದರ ತುಂಬ ಮಣ್ಣು, ಮೇಲೊಂದು ಶಾಖದ ದೀಪ, ಮಧ್ಯದಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಆಮೆ. ಸೊಪ್ಪು ಕಂಡರೆ ಕುತ್ತಿಗೆ ಉದ್ದಕ್ಕೆ ಹೊರಗೆ, ಎತ್ತಿ ತೂಕ ನೋಡಲು ಹೋದರೆ ಕುತ್ತಿಗೆ ಒಳಗೆ. ಊಟಕ್ಕೆ ಮುಂದೆ, ಕೆಲಸಕ್ಕೆ ಹಿಂದೆ ಎಂದು ನಕ್ಕು ಅವಳು ಅದಕ್ಕೆ "ಯಜಮಾನ್ರು" ಎಂದು ಹೆಸರಿಟ್ಟಳು.

"ಒಂದು ಮನೆಗೆ ಇಬ್ಬರು ಯಜಮಾನ್ರಾ?" ಎಂದ ಬಡಗಿ.

"ಇದು ಎದುರು ಮಾತಾಡಲ್ಲ ರೀ. ನನಗೆ ಇಂಥದ್ದೂ ಒಂದು ಬೇಕಿತ್ತು."

ಮಾತು ತಮಾಷೆಯದೇ. ಆದರೆ ದಿನವಿಡೀ ಯಂತ್ರದ ಸದ್ದಿನಲ್ಲಿ ಒಬ್ಬಳೇ ಕೂರುತ್ತಿದ್ದವಳಿಗೆ ಆ ಪುಟ್ಟ ಜೀವದ ಮೇಲೆ ನಿಜವಾಗಿ ಪ್ರೀತಿ ಹುಟ್ಟಿತ್ತು. ಹೊಲಿಗೆ ನಿಲ್ಲಿಸಿ ಅದರ ಜೊತೆ ಮಾತಾಡುವಳು. ಅದು ಸೊಪ್ಪು ತಿನ್ನುವುದನ್ನು ನೋಡುತ್ತ ತನ್ನ ಊಟ ಮರೆಯುವಳು.

ಇದನ್ನು ಕಂಡ ಬಡಗಿಗೂ ಹುರುಪು ಬಂತು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಮಣ್ಣು ತುಂಬಿ ಇಡುವುದೆಂದರೆ ಬಡಗಿಯ ಮನೆಗೆ ಅವಮಾನವಲ್ಲವೇ? ಹಳೆಯ ಮೇಜಿನ ಹಲಗೆಯಿಂದ ಉದ್ದನೆಯ ಪೆಟ್ಟಿಗೆ ಮಾಡಿದ. ಮೂಲೆಗಳನ್ನು ಆಮೆಯ ಚಿಪ್ಪು ತರಚದ ಹಾಗೆ ಉಜ್ಜಿ ನುಣುಪು ಮಾಡಿದ. ಮಣ್ಣನ್ನು ಹಿತ್ತಿಲಿಗೆ ಸುರಿದು, ಅಂಗಡಿಯಲ್ಲಿ ದೇವದಾರು ಕೀಸುವಾಗ ಉದುರಿದ ಮರದ ಸಿಪ್ಪೆಯನ್ನು ಚೀಲ ತುಂಬಿ ತಂದು ಹಾಸಿದ. ಮನೆಯೆಲ್ಲ ಘಮ್ಮೆಂದಿತು.

"ನೋಡೇ, ಮೆತ್ತಗಿದೆ, ಒಣಗಿದೆ, ಪರಿಮಳ ಬೇರೆ. ಬೀರುವಿಗೆ ಈ ಮರ ಹಾಕಿಸೋಕೆ ಜನ ನನ್ನ ಹಿಂದೆ ಬೀಳ್ತಾರೆ. ಈ ವಾಸನೆಗೆ ಒಂದು ಹುಳ ಹತ್ತಿರ ಸುಳಿಯಲ್ಲ!"

ಹೆಂಡತಿಗೂ ಹೆಮ್ಮೆಯೇ ಆಯಿತು.

ಬಡಗಿಯ ತಂಗಿ ಇರುವುದು ಪಕ್ಕದ ಬೀದಿಯಲ್ಲಿ. ಅವಳು ಗಿಡಗಳ ನರ್ಸರಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಮನೆಯಲ್ಲೂ ಒಂದು ಆಮೆ ಇದೆ, ಇವರದಕ್ಕಿಂತ ಮೊದಲು ಬಂದದ್ದು. ಹೊಸ ಪೆಟ್ಟಿಗೆ ನೋಡಲು ಬಂದವಳು ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು.

"ಅಯ್ಯೋ ಅಣ್ಣಾ, ಇದೇನು ಹಾಕಿದ್ದೀಯಾ? ತೆಗಿ ಮೊದಲು. ತೆಂಗಿನ ನಾರಿನ ಪುಡಿ ತಂದುಕೊಡ್ತೀನಿ. ಅದನ್ನ ಚೆನ್ನಾಗಿ ನೆನೆಸಿ ಹಾಸಿ. ಯಾವಾಗಲೂ ತೇವ ಇರಬೇಕು. ನನ್ನ ಆಮೆ ಅದರಲ್ಲೇ ಇರೋದು."

"ಒದ್ದೆ ಹಾಸಿಗೆ ಮೇಲೆ ನೀನು ಮಲಗ್ತೀಯಾ?" ಬಡಗಿ ಕೇಳಿದ. "ನೆಗಡಿ ಆಗಿ ಸಾಯತ್ತೆ ಪಾಪ. ನಿಮ್ಮ ನರ್ಸರಿಲಿ ಮಿಕ್ಕಿದ್ದನ್ನೆಲ್ಲ ತಂದು ಸುರಿಯೋಕೆ ನಮ್ಮನೆ ಏನು ಹೂಕುಂಡವಾ?"

"ನಿನ್ನ ಅಂಗಡಿ ಕಸ ಸುರಿಯಬಹುದು, ನನ್ನ ನಾರು ಆಗಲ್ವಾ?"

ಅಣ್ಣ ತಂಗಿಯ ನಡುವೆ ಸಿಕ್ಕಿಕೊಂಡ ಅತ್ತಿಗೆ, ಗಂಡನ ಕೈಕೆಲಸವನ್ನು ಕಸ ಎಂದದ್ದು ಕೇಳಿ ರೇಗಿಬಿಟ್ಟಳು. "ನಿನ್ನ ಆಮೆ ನೀನು ನೋಡ್ಕೋ. ನಮ್ಮನೆದು ನಾವು ನೋಡ್ಕೋತೀವಿ."

ನಾದಿನಿ ಚಪ್ಪಲಿ ಮೆಟ್ಟಿಕೊಂಡು ಹೋದಳು. ಆಮೇಲೆ ಈ ಕಡೆ ತಲೆ ಹಾಕಲಿಲ್ಲ.

ಆದರೂ ಟೈಲರಮ್ಮನ ಮನಸ್ಸು ಕೊರೆಯುತ್ತಲೇ ಇತ್ತು. ಫೋನಿನಲ್ಲಿ ಹುಡುಕಿದಳು. ಒಬ್ಬ ಬರೀ ಮರಳು ಹಾಕಿ ಎಂದ. ಇನ್ನೊಬ್ಬ ಮರಳು ಹಾಕಿದರೆ ಹೊಟ್ಟೆಗೆ ಹೋಗಿ ಕರುಳು ಕಟ್ಟುತ್ತದೆ ಎಂದ. ಮತ್ತೊಬ್ಬಳು ಇಬ್ಬರಿಗೂ ಬೈದಳು. ತಲೆ ಚಿಟ್ಟು ಹಿಡಿದು ಅವಳು ಫೋನು ಪಕ್ಕಕ್ಕಿಟ್ಟಳು. ಹಾಸು ಇದ್ದ ಹಾಗೇ ಉಳಿಯಿತು.

ಸ್ವಲ್ಪ ದಿನದಲ್ಲೇ ಯಜಮಾನ್ರು ಮಂಕಾದರು. ಎಳೆ ಸೊಪ್ಪು ಮೂಗಿನ ಮುಂದೆ ಹಿಡಿದರೂ ಬಾಯಿ ತೆಗೆಯಲಿಲ್ಲ. ಕಣ್ಣುರೆಪ್ಪೆ ಊದಿಕೊಂಡಿತು. ಒಂದು ಬೆಳಿಗ್ಗೆ ನೋಡಿದರೆ ಮೂಗಿನ ತುದಿಯಲ್ಲಿ ಸಣ್ಣ ಗುಳ್ಳೆ ಏಳುತ್ತಿದೆ, ಉಸಿರಾಡುವಾಗ ಸಿಳ್ಳಿನಂಥ ಸದ್ದು. ಟೈಲರಮ್ಮ ತಕ್ಷಣ ಪ್ರಾಣಿಗಳ ಆಸ್ಪತ್ರೆಗೆ ಫೋನು ಮಾಡಿದಳು.

"ಮೇಡಂ, ನಮ್ಮ ಯಜಮಾನ್ರು ಏನೂ ತಿಂತಿಲ್ಲ. ಮೂಗಲ್ಲಿ ಗುಳ್ಳೆ ಬರ್ತಿದೆ. ಕಣ್ಣೂ ಬಿಡ್ತಿಲ್ಲ!"

ಆ ಕಡೆ ಫೋನು ತೆಗೆದವಳು ಗಾಬರಿಯಾದಳು. "ಅಮ್ಮಾ, ಇದು ಪ್ರಾಣಿಗಳ ಆಸ್ಪತ್ರೆ. ಅವರನ್ನ ಬೇಗ ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗಿ!"

"ಅಲ್ಲ ಮೇಡಂ, ಚಿಪ್ಪಿನ ಯಜಮಾನ್ರು!"

"ಚಿಪ್ಪಾ?"

ಪಕ್ಕದಲ್ಲಿ ನಿಂತಿದ್ದ ಬಡಗಿ ಫೋನು ಕಿತ್ತುಕೊಂಡ. "ಆಮೆ ಮೇಡಂ, ಆಮೆ. ನಾನು ಚೆನ್ನಾಗಿದ್ದೀನಿ."

"ಹಾಗಾದ್ರೆ ಈಗಲೇ ತನ್ನಿ. ಮೂಗಲ್ಲಿ ಗುಳ್ಳೆ ಬಂದ್ರೆ ಕಾಯಬಾರದು. ಅದು ಮಲಗೋ ಹಾಸನ್ನೂ ಒಂದು ಹಿಡಿ ಬೇರೆ ಚೀಲದಲ್ಲಿ ಹಾಕ್ಕೊಂಡು ಬನ್ನಿ."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಆಮೆಯ ಕಣ್ಣು, ಬಾಯಿ ನೋಡಿ, ಉಸಿರು ಆಲಿಸಿದರು. ದೀಪದ ವಿಷಯ ಕೇಳಿದರು, ಅದು ಸರಿಯಾಗಿತ್ತು. ಆಮೇಲೆ ಚೀಲ ಬಿಚ್ಚಿದವರು ಮುಖ ಹಿಂದಕ್ಕೆಳೆದುಕೊಂಡರು.

"ದೇವದಾರು! ಇದನ್ನ ಯಾರು ಹಾಕಿದ್ದು?"

"ನಾನೇ," ಎಂದ ಬಡಗಿ. "ಒಳ್ಳೇ ಮರ ಡಾಕ್ಟ್ರೇ. ಬಣ್ಣ ಹಾಕಿಲ್ಲ, ಪಾಲಿಶ್ ಇಲ್ಲ."

"ಬೀರುವಿಗೆ ಒಳ್ಳೇ ಮರ, ಒಪ್ಪಿದೆ. ನೀವೇ ಹೇಳಿ, ಅದಕ್ಕೆ ಹುಳ ಯಾಕೆ ಬರಲ್ಲ?"

"ಅದರಲ್ಲಿ ಎಣ್ಣೆ ಇದೆಯಲ್ಲ. ಆ ಘಾಟು ಹುಳಕ್ಕೆ ಆಗ..." ಬಡಗಿಯ ಮಾತು ಅಲ್ಲಿಗೇ ನಿಂತಿತು.

"ಆಗಲ್ಲ, ಅಲ್ವಾ? ಆ ಘಾಟು ಆಮೆ ಕಣ್ಣಿಗೂ ಆಗಲ್ಲ, ಶ್ವಾಸಕೋಶಕ್ಕೂ ಆಗಲ್ಲ. ಹುಳ ಆದ್ರೆ ಓಡಿಹೋಗತ್ತೆ. ಇದನ್ನ ನಾವು ಪೆಟ್ಟಿಗೆಲಿ ಇಟ್ಟಿರ್ತೀವಿ, ಎಲ್ಲಿಗೆ ಹೋಗತ್ತೆ? ಕಾಯಿಲೆಗೆ ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಇದರ ಮೇಲೇ ಬಿಟ್ಟರೆ ಔಷಧಿ ಕೊಟ್ಟೂ ಪ್ರಯೋಜನ ಇಲ್ಲ."

ಬಡಗಿ ತಲೆ ತಗ್ಗಿಸಿದ. ಅವನ ಹೆಂಡತಿಗೆ ಅಳುವೇ ಬಂತು. "ಹಾಗಾದ್ರೆ ನಮ್ಮ ನಾದಿನಿ ಹೇಳಿದ್ದೇ ಸರಿ. ಅವಳು ನರ್ಸರಿಲಿ ಕೆಲಸ ಮಾಡ್ತಾಳೆ, ಅವಳ ಹತ್ತಿರಾನೂ ಆಮೆ ಇದೆ. ನಾವೇ ಬೈದು ಕಳಿಸಿದ್ವಿ. ಇವತ್ತೇ ಒದ್ದೆ ನಾರು ಹಾಸ್ತೀವಿ ಡಾಕ್ಟ್ರೇ."

"ನಿಲ್ಲಿ, ನಿಲ್ಲಿ. ಅವರ ಹತ್ತಿರ ಇರೋದು ಯಾವ ಆಮೆ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಆಮೆ... ಆಮೆನೇ," ಎಂದಳು ಟೈಲರಮ್ಮ. "ಕಾಲ ಮೇಲೆ ಕೆಂಪು ಚುಕ್ಕೆ ಇದೆ."

ಡಾಕ್ಟರಮ್ಮ ನಕ್ಕರು. "ಅದು ಮಳೆಕಾಡಿನ ಆಮೆ. ಅದಕ್ಕೆ ತೇವ ಬೇಕು. ಅವರ ಮನೆಗೆ ಅವರ ಮಾತು ಸರಿ. ನಿಮ್ಮದು ಒಣನೆಲದ್ದು. ಯಾವಾಗಲೂ ಒದ್ದೆಲಿ ಇಟ್ಟರೆ ಇದರ ಚಿಪ್ಪು ಕೊಳೆಯಬಹುದು. ನಿಮ್ಮ ಕುತ್ತಿಗೆಲಿ ಟೇಪು ನೇತಾಡ್ತಿದೆ. ಅಳತೆ ಯಾರದು ಅಂತ ಕೇಳದೆ ನೀವು ಬಟ್ಟೆ ಕತ್ತರಿಸ್ತೀರಾ?"

"ಇಲ್ಲಪ್ಪ!"

"ಇಲ್ಲೂ ಅಷ್ಟೇ. ಬಡಗಿ ಮನೆಲಿ ಮರದ ಸಿಪ್ಪೆ, ನರ್ಸರಿಯವರ ಮನೆಲಿ ನಾರು. ನಾನು ಡಾಕ್ಟ್ರು ಅಂತ ಬ್ಯಾಂಡೇಜು ಹಾಸ್ಲಾ? ಕೈಗೆ ಸಿಕ್ಕಿದ್ದು ನೋಡಬೇಡಿ, ಆಮೆ ಯಾವ ನೆಲದ್ದು ಅಂತ ನೋಡಿ."

ಆಮೇಲೆ ಬಿಡಿಸಿ ಹೇಳಿದರು. ಚೇತರಿಸಿಕೊಳ್ಳುವವರೆಗೆ ಬರೀ ಕಾಗದ ಹಾಸಿ ದಿನಾ ಬದಲಾಯಿಸಬೇಕು. ಕಾಗದದ ಮೇಲೆ ಕಾಲು ಜಾರುತ್ತದೆ, ತೋಡಲು ಆಗುವುದಿಲ್ಲ, ಆದ್ದರಿಂದ ಅದು ಬಹಳ ದಿನಕ್ಕಲ್ಲ. ವಾಸಿಯಾದ ಮೇಲೆ ಗೊಬ್ಬರ, ಕೀಟನಾಶಕ ಸೇರದ ಮಣ್ಣಿಗೆ ತೊಳೆದ ಮರಳು ಬೆರೆಸಿ ಹಾಸಬೇಕು. ಹಿಡಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು, ನೀರು ಜಿನುಗಬಾರದು. ಆಮೆ ಬೆನ್ನು ಮುಚ್ಚಿಕೊಳ್ಳುವಷ್ಟು ಆಳ ಇರಲಿ. ಸೊಪ್ಪನ್ನು ಮಣ್ಣಿನ ಮೇಲೆ ಹಾಕದೆ ಚಪ್ಪಟೆ ಕಲ್ಲಿನ ಮೇಲಿಟ್ಟರೆ ಮಣ್ಣು ಹೊಟ್ಟೆಗೆ ಹೋಗುವುದು ಕಡಿಮೆ. ಹಿಕ್ಕೆ ಕಂಡಾಗಲೇ ತೆಗೆಯಬೇಕು. ಆಮೆಯನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು.

"ಪೆಟ್ಟಿಗೆನೂ ಎಸೀಬೇಕಾ?" ಬಡಗಿ ಸಣ್ಣ ದನಿಯಲ್ಲಿ ಕೇಳಿದ. ಫೋನಿನಲ್ಲಿದ್ದ ಪೆಟ್ಟಿಗೆಯ ಚಿತ್ರ ತೋರಿಸಿದ.

"ಯಾಕ್ರೀ? ಇಂಥ ಪೆಟ್ಟಿಗೆ ನಾನೆಲ್ಲೂ ನೋಡಿಲ್ಲ. ಸಿಪ್ಪೆ ತೆಗೆದು, ಚೆನ್ನಾಗಿ ಒರೆಸಿ, ವಾಸನೆ ಹೋಗೋವರೆಗೂ ಬಿಸಿಲಿಗಿಡಿ. ಸಾಕು."

ಬಡಗಿಯ ಮುಖ ಆಗ ಸ್ವಲ್ಪ ಗೆಲುವಾಯಿತು.

ಆಸ್ಪತ್ರೆಯಿಂದ ಬಂದವಳೇ ಟೈಲರಮ್ಮ ನರ್ಸರಿಗೆ ಹೋದಳು. ನಾದಿನಿ ಸಸಿಗಳಿಗೆ ನೀರು ಹಾಕುತ್ತಿದ್ದವಳು ಕಂಡೂ ಕಾಣದ ಹಾಗೆ ತಿರುಗಿಕೊಂಡಳು.

"ಸಿಟ್ಟಾ?" ಅತ್ತಿಗೆ ಕೇಳಿದಳು.

"ನಿಮ್ಮನೆ ವಿಷಯ ನನಗ್ಯಾಕೆ ಅತ್ತಿಗೆ?"

"ಆ ಮಾತು ನಾನು ಆಡಬಾರದಿತ್ತು ಕಣೇ. ಆಮೆಗೆ ಹುಷಾರಿಲ್ಲ. ಮರದ ಸಿಪ್ಪೆ ವಿಷಯದಲ್ಲಿ ನೀನು ಹೇಳಿದ್ದು ನಿಜ."

ನಾದಿನಿ ಪೈಪು ಕೆಳಗಿಟ್ಟಳು. "ಹೇಗಿದೆ ಈಗ? ಔಷಧಿ ಕೊಟ್ರಾ?" ಎಂದವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅತ್ತಿಗೆ ಎಲ್ಲ ಹೇಳಿದಳು. ಒದ್ದೆ ನಾರಿನ ಮಾತು ಬಂದಾಗ ನಾದಿನಿಯೇ ನಾಲಿಗೆ ಕಚ್ಚಿಕೊಂಡಳು. "ನಿಮ್ಮದು ಯಾವ ಜಾತಿ ಅಂತ ನಾನೂ ಕೇಳಲಿಲ್ಲ. ಸದ್ಯ, ಅಣ್ಣ ನನ್ನ ಮಾತು ಕೇಳದೇ ಇದ್ದದ್ದೇ ಒಳ್ಳೇದಾಯ್ತು. ಬಾ, ಗೊಬ್ಬರ ಸೇರಿಸದ ಮಣ್ಣು ಹಿಂದೆ ಇದೆ, ತೋರಿಸ್ತೀನಿ."

ಮೂವರೂ ಸೇರಿ ಹಿತ್ತಿಲಲ್ಲಿ ಮಣ್ಣು ಜರಡಿ ಹಿಡಿದರು. ಬಡಗಿ ಒಂದೊಂದು ಹಿಡಿಯನ್ನೂ ಹಿಸುಕಿ ಉಂಡೆ ಕಟ್ಟಿ, ಬೆರಳಲ್ಲಿ ತಟ್ಟಿ, "ಇದು ಸರಿಯಿದೆ, ಇದಕ್ಕೆ ಇನ್ನೂ ಮರಳು ಬೇಕು" ಎನ್ನುತ್ತ ಕೂತ. ತಂಗಿ ಅವನನ್ನು ಆಡಿಕೊಂಡು ನಕ್ಕಳು.

ಔಷಧಿ ಹಿಡಿಯಲು ಸಮಯ ಬೇಕಾಯಿತು. ಟೈಲರಮ್ಮ ಯಂತ್ರದ ಮುಂದೆ ಕೂತರೂ ಕಣ್ಣೆಲ್ಲ ಆಮೆಯ ಕಡೆಗೇ. ಕೊನೆಗೊಂದು ದಿನ ಮೂಗು ಒಣಗಿತು. ಇನ್ನೊಂದು ದಿನ ಕಣ್ಣು ಬಿಟ್ಟಿತು. ಅದು ಮೊದಲ ತುತ್ತು ಸೊಪ್ಪು ಕಚ್ಚಿದಾಗ ಅವಳು ಕೂಗಿದ ಕೂಗಿಗೆ ಬೀದಿಯೇ ಬಾಗಿಲಿಗೆ ಬಂತು. ಇನ್ನೊಮ್ಮೆ ಪರೀಕ್ಷೆ ಮಾಡಿದ ಡಾಕ್ಟರಮ್ಮ, ಇನ್ನು ಮಣ್ಣಿಗೆ ಬಿಡಬಹುದು ಎಂದರು.

ಬಿಟ್ಟ ಮಾರನೆಯ ಬೆಳಿಗ್ಗೆ ಬಡಗಿ ಪೆಟ್ಟಿಗೆಗೆ ಬಗ್ಗಿ ನೋಡಿದರೆ ಆಮೆ ಇಲ್ಲ! ಮಂಚದ ಕೆಳಗೆ ಇಲ್ಲ, ಬಾಗಿಲ ಸಂದಿಯಲ್ಲಿ ಇಲ್ಲ, ಬಟ್ಟೆ ಬುಟ್ಟಿಯಲ್ಲೂ ಇಲ್ಲ. ಹೆಂಡತಿಯ ಕಣ್ಣಲ್ಲಿ ನೀರು. ಸುದ್ದಿ ಕೇಳಿ ಓಡಿಬಂದ ತಂಗಿ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅಣ್ಣಾ, ಸುಮ್ಮನೆ ಬಾ ಇಲ್ಲಿ. ಆ ಮೂಲೆ ನೋಡು."

ಮೂಲೆಯಲ್ಲಿ ಮಣ್ಣು ಸ್ವಲ್ಪ ಉಬ್ಬಿತ್ತು. ಉಬ್ಬಿನ ಅಂಚಿನ ಮಣ್ಣು ಒಮ್ಮೆ ಮೆಲ್ಲಗೆ ಅಲುಗಿತು. ಬಡಗಿ ಮಣ್ಣನ್ನು ಒಂದಿಷ್ಟು ಸರಿಸಿದ. ಚಿಪ್ಪಿನ ಅಂಚು ಕಂಡಿತು. ಉಸಿರಿನ ಸಿಳ್ಳು ಇರಲಿಲ್ಲ. ಹೊಸ ಪೆಟ್ಟಿಗೆಗೆ ಬಂದ ಮೇಲೆ ಮೊದಲ ಸಲ ಅದು ತಾನೇ ಗುಂಡಿ ತೋಡಿ, ಬೆನ್ನ ಮೇಲೆ ಮಣ್ಣು ಎಳೆದುಕೊಂಡು ನೆಮ್ಮದಿಯಾಗಿ ಮಲಗಿತ್ತು.

ಬಡಗಿ ಸರಿಸಿದ ಮಣ್ಣನ್ನು ಮತ್ತೆ ಮುಚ್ಚಿದ. "ಮಲಗಿದೆ ಕಣೇ," ಎಂದ ಹೆಂಡತಿಗೆ. ಮೂವರಿಗೂ ಹೋದ ಜೀವ ಬಂದಂತಾಯಿತು.

ಈಗ ನಿಮ್ಮ ಹತ್ತಿರ ಒಂದು ಮಾತು. ನಿಮ್ಮ ಮನೆಯಲ್ಲೂ ಆಮೆ ಇದ್ದರೆ ಈಗಲೇ ಎದ್ದು ಹೋಗಿ, ಅದರ ಹಾಸನ್ನು ಮೂಸಿ ನೋಡಿ. ದೇವದಾರು, ಪೈನ್‌ನಂಥ ಮರದ ಘಮ ಬಂದರೆ ಇವತ್ತೇ ಅದನ್ನು ತೆಗೆದುಬಿಡಿ. ಬರೀ ಮರಳು ಹಾಕಿದ್ದರೆ ಅದೂ ಬೇಡ. ನಿಮ್ಮ ಆಮೆ ಯಾವ ಜಾತಿಯದು, ಅದನ್ನು ಸಾಕಲು ಅನುಮತಿ ಇದೆಯೇ ಎಂದು ತಿಳಿದುಕೊಳ್ಳಿ. ಕಾಡಿನಿಂದ ಹಿಡಿದು ತರಲೇಬೇಡಿ. ಯಾರಾದರೂ ಸಲಹೆ ಕೊಟ್ಟರೆ ಮುಖ ಊದಿಸಿಕೊಳ್ಳಬೇಡಿ, ಕಣ್ಣು ಮುಚ್ಚಿ ಒಪ್ಪಲೂ ಬೇಡಿ. "ನಿಮ್ಮದು ಯಾವ ಆಮೆ? ಯಾಕೆ ಹಾಗೆ ಹೇಳ್ತೀರಿ?" ಎಂದು ಕೇಳಿ. ಆದರೂ ಒಮ್ಮತ ಬರದಿದ್ದರೆ ಇಬ್ಬರೂ ಸೇರಿ ಪ್ರಾಣಿವೈದ್ಯರ ಹತ್ತಿರ ಹೋಗಿ. ಆಮೆ ತಿನ್ನುವುದು ಬಿಟ್ಟರೆ, ಕಣ್ಣು ಊದಿದರೆ, ಮೂಗಲ್ಲಿ ಗುಳ್ಳೆ ಬಂದರೆ ಮಾತ್ರ ಯಾರ ಸಲಹೆಗೂ ಕಾಯದೆ ಆಸ್ಪತ್ರೆಗೆ ಓಡಿ. ನೀವು ವಾದದಲ್ಲಿ ಗೆದ್ದಿರೋ ಸೋತಿರೋ ಆಮೆಗೆ ಗೊತ್ತಾಗುವುದಿಲ್ಲ, ಅದಕ್ಕೆ ಬೇಕಾದದ್ದು ಸರಾಗವಾಗಿ ಒಂದು ಉಸಿರು.