ಮಾನವ ಬಳಕೆ: ಇಲ್ಲ

“ತಲೆ ಅಲ್ಲಾಡಿಸಬೇಡ ಕಣೇ ಕತ್ತೆ, ಅಕ್ಷರ ಸೊಟ್ಟಗಾಗುತ್ತೆ.”

ಕೊಕ್ಕರೆ ತಲೆಯನ್ನು ಕಲ್ಲಿನಂತೆ ನಿಲ್ಲಿಸಿದಳು. ಆ ತಲೆಯ ಮೇಲೆ ಸಾಹೇಬರ ಬರೆಯುವ ಹಲಗೆ ಇತ್ತು, ಬೆನ್ನ ಮೇಲೆ ಸಾಹೇಬರೇ ಇದ್ದರು. ಮಳೆ ಹಿಂದೆ ಸರಿದು, ಜೌಗಿನ ನೀರು ಎದೆಯಿಂದ ತೊಡೆಗಿಳಿದು, ಜೊಂಡು ಬಲಿತು ಕೊಯ್ಲಿಗೆ ಬಂದ ದಿನಗಳು. ಸುತ್ತ ಹತ್ತು ಹನ್ನೆರಡು ಹೆಂಗಸರು ಬಟ್ಟೆ ಎತ್ತಿ ಕಟ್ಟಿಕೊಂಡು ಕುಡುಗೋಲು ಆಡಿಸುತ್ತಿದ್ದರು. ಕೊಯ್ದ ಜೊಂಡು ಒಣಗಿ ಚಾಪೆಯಾಗಬೇಕು, ಚಾಪೆ ವರ್ಷವಿಡೀ ಊಟವಾಗಬೇಕು.

ಜೊಂಡಿನೊಳಗೆ ದೋಣಿ ನುಗ್ಗುವುದಿಲ್ಲ. ಹೊಸಬರು ನಡೆಯಲಾರರು, ಬೇರು ಹೆಣೆದುಕೊಂಡ ಜಾಗ ಯಾವುದೆಂದು ಪಾದಕ್ಕೆ ಗೊತ್ತಿರಬೇಕು, ಒಂದು ಹೆಜ್ಜೆ ತಪ್ಪಿದರೆ ಸೊಂಟದವರೆಗೆ ಕೆಸರು. ಅದಕ್ಕೇ ಕಚೇರಿಯಿಂದ ಅಪ್ಪಣೆಯಾಗಿತ್ತು: ಇಲ್ಲಿನ ಗಿಡ, ಹಕ್ಕಿ, ಮೀನುಗಳ ಗಣತಿ ಮುಗಿಯುವ ತನಕ ಕೊಯ್ಲಿನವರಲ್ಲಿ ಒಬ್ಬರು ಸಾಹೇಬರನ್ನು ಹೊರಬೇಕು, ಇಲ್ಲವಾದರೆ ಯಾರೂ ಕುಡುಗೋಲು ಮುಟ್ಟುವಂತಿಲ್ಲ. ಉದ್ದ ಕಾಲಿನವಳೆಂದು ಆ ಕೆಲಸ ಕೊಕ್ಕರೆಯ ಪಾಲಿಗೆ ಬಂತು. ಆ ಹೆಸರೂ ಕಾಲಿನಿಂದಲೇ ಬಂದದ್ದು. ಇದು ನಾಲ್ಕನೆಯ ದಿನ.

“ಅದೋ, ಆ ನೀಲಿ ಹಕ್ಕಿ?”

“ನೀರುಕೋಳಿ. ಮೊನ್ನೇನೂ ಬರ್ಕೊಂಡ್ರಲ್ಲ.”

“ಕೇಳಿದಷ್ಟಕ್ಕೆ ಬೊಗಳು. ಮರಿ ಎಷ್ಟು?”

“ಐದು. ಆರಿತ್ತು, ಒಂದನ್ನ ಹಾವು ನುಂಗ್ತು.”

ಸಾಹೇಬರಿಗೆ ಬರೆದದ್ದನ್ನು ಬಾಯಿಬಿಟ್ಟು ಓದಿಕೊಳ್ಳುವ ಅಭ್ಯಾಸ. “ನೀರುಕೋಳಿ, ಮರಿ ಐದು. ನೀರುನಾಯಿ ಎರಡು. ಆಮೆ ಹೇರಳ.” ಹಾಳೆ ಮಗುಚಿದ ಸದ್ದಾಯಿತು. “ಮಾನವ ಬಳಕೆ...” ಪೆನ್ನು ಅವಳ ನೆತ್ತಿಯ ಮೇಲೆ ಒಂದು ಗಳಿಗೆ ತಡೆದು, ಆಮೇಲೆ ಒತ್ತಿತು. “ಇಲ್ಲ.”

ಕೊಕ್ಕರೆ ಎರಡು ಹೆಜ್ಜೆ ನಡೆದಳು. ಮೂರನೆಯದಕ್ಕೆ ಕೇಳಿದಳು: “ಹಂಗಂದ್ರೆ ಏನು ಸಾಹೇಬ್ರೆ?”

“ಹಂಗಂದ್ರೆ ಇಲ್ಲಿಗೆ ಯಾರೂ ಬರಲ್ಲ, ಏನೂ ಕೊಯ್ಯಲ್ಲ ಅಂತ. ಹಂಗೆ ಬರೆದ್ರೇನೇ ಸಂರಕ್ಷಣಾ ಯೋಜನೆ ಬೇಗ ಪಾಸಾಗೋದು. ಈ ಕೊಯ್ಲು ಮುಗಿದ ಮೇಲೆ ಸುತ್ತ ಬೇಲಿ ಬರುತ್ತೆ. ನಿಮ್ಮ ಕಾಟ ತಪ್ಪಿ ಹಕ್ಕಿಗಳಾದ್ರೂ ನೆಮ್ಮದಿಯಾಗಿ ಬದುಕ್ಲಿ.”

“ಆಚೆ ಜೌಗಿಗೆ ಬೇಲಿ ಹಾಕಿ ಮೂರು ವರ್ಷ ಆಯ್ತು. ಕೊಯ್ಯದ ಜೊಂಡು ಬಿದ್ದು, ಕೊಳ್ತು, ನೀರೇ ಮುಚ್ಚೋಯ್ತು. ಅಲ್ಲಿ ಒಂದೇ ಒಂದು ನೀರುಕೋಳಿ ತೋರ್ಸಿ, ನಿಮ್ಮನ್ನ ಹೊತ್ಕೊಂಡು ಊರೆಲ್ಲ ಮೆರವಣಿಗೆ ಮಾಡ್ತೀನಿ.”

“ಇದು ಯಾವ ಪುಸ್ತಕದಲ್ಲಿದೆ ಅಂತ ಬರೀಲಿ? ಮುಚ್ಕೊಂಡು ನಡಿ.”

ಕೊಕ್ಕರೆ ನಡೆಯಲಿಲ್ಲ. ಜೌಗಿನ ನಟ್ಟನಡುವೆ ಬೇರು ಉಬ್ಬಿ ಮಣೆಯಷ್ಟಗಲದ ಒಂದು ದಿಬ್ಬ ಎದ್ದಿತ್ತು. ಬೆನ್ನು ತಿರುಗಿಸಿ, ನಿದ್ದೆ ಹೋದ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಸಾಹೇಬರನ್ನು ಅದರ ಮೇಲೆ ಇಳಿಸಿದಳು. ಹಲಗೆಯನ್ನು ಅವರ ತೊಡೆಯ ಮೇಲೆ ನೆಟ್ಟಗಿಟ್ಟಳು. ನೆತ್ತಿ ಉಜ್ಜಿಕೊಂಡಳು.

“ಯಾಕೆ? ಏನಾಯ್ತು?”

ಅವಳು ಅವರ ಭುಜದಾಚೆ ಆಕಾಶ ನೋಡಿದಳು.

“ಏಯ್, ನಿನಗೇ ಹೇಳ್ತಿರೋದು.”

ಹತ್ತು ಮಾರು ದೂರದಲ್ಲಿ ಕೊಯ್ಯುತ್ತಿದ್ದ ನಾದಿನಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಜೌಗಿನಲ್ಲಿ ಮಾತು ನೀರಿನ ಮೇಲೆ ಜಾರಿಕೊಂಡು ಹೋಗುತ್ತದೆ. ಕೊಕ್ಕರೆ ಅವಳತ್ತ ತಿರುಗಿದಳು.

“ಯಾರೋ ಯಾರನ್ನೋ ಕರೆದಂಗಾಯ್ತಲ್ಲೇ?”

“ಯಾರನ್ನ ಕರೀತಾರೆ ಅತ್ತಿಗೆ? ಇಲ್ಲಿ ಯಾರೂ ಇಲ್ವಂತಲ್ಲ. ಕಾಗದದಲ್ಲೇ ಬಂದಿದೆ.”

ಕೊಕ್ಕರೆಯ ಅತ್ತೆ, ಹಲ್ಲೆಲ್ಲ ಬಿದ್ದುಹೋದ ಮುದುಕಿ, ಕುಡುಗೋಲು ಊರಿ ನೆಟ್ಟಗಾದಳು. “ಅಯ್ಯೋ, ಹಂಗಾದ್ರೆ ಈ ನೋಯ್ತಿರೋ ಸೊಂಟ ಯಾರ್ದಮ್ಮ?”

ನಗು ಒಬ್ಬಳಿಂದ ಒಬ್ಬಳಿಗೆ ಹಬ್ಬಿ ಜೌಗಿನ ತುದಿ ಮುಟ್ಟಿತು.

ಸಾಹೇಬರು ಕೆಂಪಾದರು. “ಮುಂಡೇವಾ, ಒಬ್ಬೊಬ್ರನ್ನೂ ಒಳಗೆ ಹಾಕಿಸ್ತೀನಿ,” ಎಂದರು. ಹಾಕಿಸಲು ಮೊದಲು ದಡ ಮುಟ್ಟಬೇಕಿತ್ತು. ದಡದಲ್ಲಿ ಕಾಯುತ್ತಿದ್ದ ಜೀಪಿನ ಡ್ರೈವರನನ್ನು ಕೂಗಿದರು. ಅವನು ಚಪ್ಪಲಿ ಬಿಟ್ಟು ಒಂದು ಕಾಲಿಟ್ಟ, ಮೊಣಕಾಲು ಮಾಯವಾಯಿತು. ಎರಡೂ ಕೈಯಿಂದ ಕಾಲನ್ನು ಕಿತ್ತುಕೊಂಡು ಹಿಂದಕ್ಕೆ ಕೂತ.

“ಆಗಲ್ಲ ಸರ್. ಅಲ್ಲೇ ಯಾರನ್ನಾದ್ರೂ ಕೇಳಿ ನೋಡಿ.”

ಬಿಸಿಲೇರಿತು. ಬೂಟಿನ ಅಂಚಿನಲ್ಲಿ ಜಿಗಣೆಯೊಂದು ತಲೆಯೆತ್ತಿ ದಾರಿ ವಿಚಾರಿಸತೊಡಗಿತು. ಸಾಹೇಬರು ಕಾಲು ಮಡಚಿ ಎದೆಗೆ ಆನಿಸಿಕೊಂಡರು.

“ನೋಡಮ್ಮ,” ಎಂದರು. ‘ಅಮ್ಮ’ ಎಂಬುದು ನಾಲ್ಕು ದಿನದಲ್ಲಿ ಮೊದಲ ಸಲ ಅವರ ಬಾಯಿಂದ ಬಂದಿತ್ತು. “ಕಚೇರಿಗೆ ಹೋಗಿ ತಿದ್ದುತೀನಿ. ಆಣೆ.”

ಕೊಕ್ಕರೆ ಒಂದು ಕುಡುಗೋಲು ತೆಗೆದುಕೊಂಡು ನಾದಿನಿಯ ಪಕ್ಕ ಸಾಲು ಹಿಡಿದಿದ್ದಳು. ಕೊಯ್ಯುತ್ತಲೇ ಅವಳಿಗೆ ಹೇಳಿದಳು, ದಿಬ್ಬದವರೆಗೆ ಕೇಳುವಷ್ಟು ಗಟ್ಟಿಯಾಗಿ: “ಜನ ಇದಾರೆ, ಜೊಂಡು ಕೊಯ್ತಾರೆ, ಕೊಯ್ಯೋದ್ರಿಂದ ಹಕ್ಕಿ ಉಳ್ಕೊಂಡಿವೆ ಅಂತ ಇಲ್ಲೇ ಬರೆದು, ಕೆಳಗೊಂದು ರುಜು ಹಾಕಿ ನಮ್ಮ ಕೈಗೊಂದು ಪ್ರತಿ ಕೊಟ್ಟಿದ್ರೆ, ಜನ ಇರ್ತಿದ್ರು ನೋಡು. ಯಾರ ಬೆನ್ನಾದ್ರೂ ಸಿಕ್ತಿತ್ತು.”

“ಅದ್ನ ಓದಿ ನೋಡೋರು?”

“ನಾನು ಮೂರನೇ ಕ್ಲಾಸು. ಸೊಟ್ಟ ಅಕ್ಷರ ಆದ್ರೂ ಓದ್ತೀನಿ.”

ಕೊಯ್ಲಿನ ಸಾಲು ನಿಧಾನವಾಗಿ ದಿಬ್ಬದತ್ತ ಸರಿಯಿತು. ಗೂಡು ಕಂಡಲ್ಲಿ ಸುತ್ತ ಒಂದು ಮಾರು ಜೊಂಡು ಉಳಿಸಿ, ತುದಿಗಳನ್ನು ಕೂಡಿಸಿ ಗಂಟು ಹಾಕುವುದು ಈ ಹೆಂಗಸರ ವಾಡಿಕೆ. ಗಂಟು ಕಂಡರೆ ಹಿಂದೆ ಬರುವವಳ ಕುಡುಗೋಲು ಪಕ್ಕಕ್ಕೆ ತಿರುಗುತ್ತದೆ. ಅತ್ತೆ ಸಾಹೇಬರ ಸುತ್ತ ತೋಳು ಚಾಚಿ ಒಂದು ಮಾರು ಅಳೆದಳು. ಅಷ್ಟು ಬಿಟ್ಟು ಆಚೆಯದನ್ನೆಲ್ಲ ಸವರಿದಳು. ತುದಿಗಳನ್ನು ಅವರ ತಲೆಯ ಮೇಲೆ ಬಾಗಿಸಿ ಬಿಗಿಯಾಗಿ ಗಂಟು ಹಾಕಿದಳು.

“ಯಾರೂ ಹತ್ರ ಹೋಗ್ಬೇಡ್ರೇ,” ಎಂದಳು. “ಕಾವಿಗೆ ಕೂತಿದೆ.”

ಜೊಂಡಿನ ಒಳಗೆ ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ಕೊಕ್ಕರೆ ತಲೆಯೆತ್ತಲಿಲ್ಲ, ಅವಳ ಸಾಲು ಇನ್ನೂ ಅರ್ಧ ಬಾಕಿ ಇತ್ತು.