ಡ್ರಮ್ಮಿನ ಗೊಬ್ಬರ

ಬಡಗಿಗೆ ನಾಯಿಯೆಂದರೆ ಪ್ರಾಣ. ಅವನ ಅಕ್ಕನಿಗೆ ಅದರ ಹೆಸರೆತ್ತಿದರೆ ಮೈಯೆಲ್ಲ ಉರಿ. ಗಂಡ ತೀರಿಕೊಂಡ ಮೇಲೆ ಅವಳು ಮಗಳನ್ನು ಕಟ್ಟಿಕೊಂಡು ತಮ್ಮನ ಮನೆಗೆ ಬಂದಿದ್ದಳು. ಇನ್ನೂ ಶಾಲೆಗೆ ಸೇರದ ಆ ಹುಡುಗಿ ಒಂದು ಕಡೆ ನಿಲ್ಲುವವಳಲ್ಲ. ಎಲ್ಲರೂ ಅವಳನ್ನು ಬುಗುರಿ ಎಂದೇ ಕರೆಯುತ್ತಿದ್ದರು.

“ಬೆಳಗಾದ್ರೆ ನಿನ್ನ ನಾಯಿ ಹೇಲು ಬಳಿಯೋದೇ ನನ್ನ ಹಣೆಬರಹ ಆಯ್ತಲ್ಲೋ,” ಎಂದು ಅಕ್ಕ ಒಂದು ದಿನ ಪೊರಕೆ ಬಿಸಾಕಿದಳು. “ಅದಿರಬೇಕು, ಇಲ್ಲ ನಾನಿರಬೇಕು.”

“ಇಬ್ರೂ ಇರಿ. ಏನಾದ್ರೂ ದಾರಿ ಮಾಡ್ತೀನಿ,” ಎಂದ ಬಡಗಿ.

ರಜೆಯ ದಿನ ಹಳೆಯ ಪ್ಲಾಸ್ಟಿಕ್ ಡ್ರಮ್ಮೊಂದರ ತಳ ಕೊಯ್ದು, ಸುತ್ತಲೂ ತೂತು ಕೊರೆದು, ಹಿತ್ತಲ ಮೂಲೆಯಲ್ಲಿ ಗುಂಡಿ ತೋಡಿ ಅದನ್ನು ಕತ್ತಿನವರೆಗೆ ಹೂಳಿದ. ತಳಕ್ಕೆ ಜಲ್ಲಿ. ನಾಯಿಯ ಗಲೀಜು ಬಿದ್ದಾಗಲೆಲ್ಲ ಅದರ ಮೇಲೆ ಮರದ ಹೊಟ್ಟು, ಒಣಗಿದೆಲೆ, ಒಂದಿಷ್ಟು ನೀರು ಚಿಮುಕಿಸಿ ಮುಚ್ಚಳ ಹಾಕುವುದು. ಹೊಟ್ಟಿಗೇನು ಅವನಲ್ಲಿ ಬರವೇ? ನಾತ ಅಡಗಿತು, ನೊಣ ಹೋದವು.

“ಪರವಾಗಿಲ್ವೇ, ನಿನ್ನ ತಲೇಲಿ ಇರೋದು ಬರೀ ಹೊಟ್ಟಲ್ಲ,” ಎಂದಳು ಅಕ್ಕ.

ಡ್ರಮ್ಮು ತುಂಬಿ, ತಿಂಗಳುಗಟ್ಟಲೆ ಕೊಳೆತು, ಒಳಗಿನದು ಕಪ್ಪಗೆ ಉದುರುದುರಾಯಿತು. ಇದು ಹೂಗಿಡಕ್ಕೆ ಮಾತ್ರ, ತಿನ್ನುವ ಗಿಡಕ್ಕೆ ಕೂಡದು ಎಂದು ನಾಯಿಯ ಡಾಕ್ಟರು ಒತ್ತಿ ಹೇಳಿದ್ದರು. ಬಡಗಿ ಅದನ್ನು ಚೀಲಕ್ಕೆ ತುಂಬಿ, ಗೇಟಿನ ಬಳಿಯ ಗುಲಾಬಿಗಿರಲಿ ಎಂದು ಹಿತ್ತಲ ಮೆಟ್ಟಿಲಿಗೆ ಒರಗಿಸಿ ಕೆಲಸಕ್ಕೆ ಹೋದ. ಅಕ್ಕನಿಗೆ ಹೇಳುವುದು ಮರೆತ.

ಸಂಜೆ ಬಂದು ನೋಡಿದರೆ ಚೀಲ ಖಾಲಿ. ಅಕ್ಕ ಅದನ್ನೆಲ್ಲ ಸೊಪ್ಪಿನ ಮಡಿಗೆ ಹರಡಿ, ಬುಗುರಿಯ ಕೈಯಿಂದ ಬೀಜ ಹಾಕಿಸುತ್ತಿದ್ದಳು. ಇಬ್ಬರಿಗೂ ಮೊಣಕೈವರೆಗೆ ಮಣ್ಣು. ಭಾವ ಹೋದ ಮೇಲೆ ಅಕ್ಕ ಬಾಯ್ತುಂಬ ನಕ್ಕಿದ್ದನ್ನು ಅವನು ಕಂಡದ್ದು ಅಂದೇ.

“ಎಂಥಾ ಮಣ್ಣು ತಂದಿದ್ದೀಯೋ! ಬೆಣ್ಣೆ ಇದ್ದ ಹಾಗಿದೆ.”

ಅದು ಡ್ರಮ್ಮಿನದೆಂದು ಹೇಳಹೊರಟ. ಹೇಳಿದರೆ ಈ ನಗು ಹೋಗುತ್ತದೆ, ನಾಯಿಯೂ ಬೀದಿಪಾಲಾಗುತ್ತದೆ. ಕೊಳೆತು ಮಣ್ಣಾದ ಮೇಲೆ ಇನ್ನೇನಾದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕೈಕಾಲು ತೊಳೆಯಲು ಹೋದ. ಸೊಪ್ಪು ಬಂದಾಗ ಎಲ್ಲರ ಜೊತೆ ತಾನೂ ತಿಂದ.

ಕೆಲವು ತಿಂಗಳ ಮೇಲೆ ಬುಗುರಿ ಬಾಗಿಲಿಗೆ, ಕುರ್ಚಿಗೆ ಡಿಕ್ಕಿ ಹೊಡೆಯತೊಡಗಿದಳು. “ಕಣ್ಣು ನೆತ್ತಿಗೇರಿದ್ಯಾ?” ಎಂದು ಅಕ್ಕ ಗದರಿದಳು. ಒಂದು ದಿನ ಹುಡುಗಿ ಬಲಗಣ್ಣು ಮುಚ್ಚಿಕೊಂಡು, “ಮಾವ, ಹಿಂಗೆ ಮಾಡಿದ್ರೆ ನೀನು ಇರಲ್ಲ,” ಎಂದಳು.

ಕಣ್ಣಿನ ಡಾಕ್ಟರಮ್ಮ ದೀಪ ಹಿಡಿದು ಬಹಳ ಹೊತ್ತು ನೋಡಿದರು. ರಕ್ತವನ್ನೂ ಪರೀಕ್ಷೆ ಮಾಡಿಸಿದರು.

“ಇದು ನಾಯಿ ಹೊಟ್ಟೆ ಹುಳು. ಮೊಟ್ಟೆ ಮಗು ಹೊಟ್ಟೆಗೆ ಹೋಗಿದೆ, ಮರಿ ಕಣ್ಣಿಗೆ ಏರಿದೆ. ಹೋದ ದೃಷ್ಟಿ ವಾಪಸ್ ಬರಲ್ಲಮ್ಮ. ನಾಯಿ ಗಲೀಜಿರೋ ಮಣ್ಣಲ್ಲಿ ಆಡ್ತಾಳಾ?”

“ಸಾಧ್ಯಾನೇ ಇಲ್ಲ ಡಾಕ್ಟ್ರೇ,” ಎಂದಳು ಅಕ್ಕ. “ಎಲ್ಲಾ ಡ್ರಮ್ಮಿಗೇ ಹೋಗುತ್ತೆ. ನನ್ನ ತಮ್ಮಾನೇ ಮಾಡಿದ್ದು, ಅಷ್ಟು ಅಚ್ಚುಕಟ್ಟು.”

ಬಡಗಿ ಸುಮ್ಮನಿದ್ದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ಅಕ್ಕ, ಸೊಪ್ಪಿಗೆ ಹಾಕಿದ್ಯಲ್ಲ ಆ ಮಣ್ಣು… ಅದು ಡ್ರಮ್ಮಿಂದು.”

ಅವಳು ತಮ್ಮನ ಕಡೆ ತಿರುಗಿದಳು. “ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಅವತ್ತೇ?”

“ಅವತ್ತೇ.”

ಅವಳು ಮಗಳನ್ನು ಎತ್ತಿಕೊಂಡು ಹೊರಗೆ ನಡೆದಳು.

ಬಡಗಿ ಡ್ರಮ್ಮು ಕಿತ್ತ. ಮಡಿಯ ಮಣ್ಣನ್ನೆಲ್ಲ ಅಗೆದು ತೆಗೆದ. ನಾಯಿಗೆ ಹುಳದ ಮಾತ್ರೆ ಹಾಕಿಸಿ, ಮರದ ಮಿಲ್ಲಿನ ಕಾವಲುಗಾರನ ಕೈಗೆ ಒಪ್ಪಿಸಿ ತಿರುಗಿ ನೋಡದೆ ಬಂದ. ಅಷ್ಟರಲ್ಲಿ ಅಕ್ಕ ಬೇರೆ ಕಡೆ ಒಂದು ಕೋಣೆ ಹಿಡಿದಿದ್ದಳು. ಅವನು ಸಾಮಾನು ಹೊರಲು ಕೈಹಾಕಿದಾಗ ಅವಳು ತಡೆಯಲಿಲ್ಲ.

ಗಾಡಿಯಲ್ಲಿ ಬುಗುರಿ ಅಮ್ಮನ ತೊಡೆಯ ಮೇಲೆ ಕೂತಿದ್ದಳು. ಬಡಗಿ ಅವಳ ಎಡಗಡೆ ನಿಂತು ಕೈ ಬೀಸಿದ. ಹುಡುಗಿ ನೆಟ್ಟಗೆ ಮುಂದೆಯೇ ನೋಡುತ್ತಿದ್ದಳು. ಆ ಕಣ್ಣು ಕಾಣದೆಂದು ಅವನಿಗೆ ಹೊಳೆದು, ಹಿಂದಿನಿಂದ ಸುತ್ತಿ ಬಲಬದಿಗೆ ಓಡಿ ಬರುವಷ್ಟರಲ್ಲಿ ಗಾಡಿ ತಿರುವು ದಾಟಿ ಹೋಗಿತ್ತು.